ಸೌಟಿನಲ್ಲಿ ಹದಿನೇಳು

"ಚಪ್ಪಲಿ ಆಚೆ ಬಿಡೇ, ದರಿದ್ರದವಳೇ! ಗೇಟಿನಾಚೆ! ನಿಮ್ಮ ಗಲ್ಲಿ ಕೊಳೆನೆಲ್ಲ ಒಳಗೆ ತರಬೇಡ."

ಬಂಗಲೆಯ ಅಮ್ಮನವರು. ಬಿಟ್ಟೆ. ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆದೆ.

ಮನೆಮನೆಯ ನೀರಿಗೆ ಬಿಳಿ ಸೌಟು ಅದ್ದಿ, ಸೊಳ್ಳೆಯ ಮರಿಹುಳ ಎಣಿಸುವುದು ನನ್ನ ಕೆಲಸ. ಹುಳವಿಲ್ಲದಿದ್ದರೆ ಗೋಡೆಗೆ ಸೀಮೆಸುಣ್ಣದಲ್ಲಿ ಸೊನ್ನೆ. ಇದ್ದರೆ ಕೆಂಪು ಬಣ್ಣದಲ್ಲಿ ಸಂಖ್ಯೆ. ಸುಣ್ಣ ಮಳೆಗೆ ಹೋಗುತ್ತದೆ, ಬಣ್ಣ ಹೋಗುವುದಿಲ್ಲ.

ಬೆಳಿಗ್ಗೆ ನಮ್ಮ ಗಲ್ಲಿ ಮುಗಿಸಿದ್ದೆವು. ಅಲ್ಲಿ ನಲ್ಲಿಯಲ್ಲಿ ನೀರು ಬರುವುದು ವಾರಕ್ಕೊಮ್ಮೆ. ನಮ್ಮ ಮನೆಯ ಡ್ರಮ್ಮಿನಲ್ಲೇ ಎರಡು ಹುಳ ಸಿಕ್ಕಿದವು. ಜೊತೆಗಿದ್ದ ಸೂಪರ್‌ವೈಸರ್ ಹಲ್ಲು ಕಿರಿದ.

"ಹುಳ ಎಣಿಸೋಳ ಮನೇಲೇ ಹುಳ! ಚೆಲ್ಲೇ, ಏನ್ ನೋಡ್ತಾ ನಿಂತಿದ್ದೀಯ?"

"ಅಮ್ಮಂಗೆ ಡೆಂಗಿ ಜ್ವರ, ಸರ್. ಸೋಸಿ, ಕಾಯಿಸಿ ಕೊಡ್ತೀನಿ. ಬೇರೆ ನೀರಿಲ್ಲ."

ಅವನೇ ಡ್ರಮ್ಮನ್ನು ಬೂಟುಗಾಲಲ್ಲಿ ಒದ್ದ. ನೀರು ಅಮ್ಮನ ಚಾಪೆಯಡಿ ಹರಿಯಿತು. ಅಮ್ಮ ಕಾಲು ಮಾತ್ರ ಮಡಚಿಕೊಂಡಳು. ಬಾಗಿಲ ಪಕ್ಕ ಕೆಂಪು ಎರಡು ಬರೆದವಳು ನಾನೇ.

ಹನ್ನೊಂದು ವರ್ಷ ಅಮ್ಮ ಈ ಬಂಗಲೆಯಲ್ಲೇ ಪಾತ್ರೆ ತೊಳೆದಳು. ಜ್ವರ ಬಂದ ಮರುದಿನವೇ, ರೋಗ ಹೊತ್ತು ತಂದವಳು ಎಂದು ಬಿಡಿಸಿದರು. ಆ ಮಾತು ಕೇಳಿದ ಮೇಲೆ ಈ ಬೀದಿಯ ಯಾವ ಮನೆಯವರೂ ಅವಳನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿಲ್ಲ.

ಹಿತ್ತಲಲ್ಲಿ ತಾವರೆಯ ತೊಟ್ಟಿಯಿತ್ತು. ಅಮ್ಮ ಕೂತು ಪಾತ್ರೆ ಉಜ್ಜುತ್ತಿದ್ದ ಕಲ್ಲು ಅದರ ಪಕ್ಕದಲ್ಲೇ. ಸೌಟು ಅದ್ದಿದೆ. ಹುಳಗಳು ಬಾಲ ಕುಣಿಸುತ್ತಿದ್ದವು. ಎರಡು ಸಲ ಎಣಿಸಿದೆ.

"ಹದಿನೇಳು, ಸರ್."

ಸೂಪರ್‌ವೈಸರ್ ಕೈಯಲ್ಲಿ ಶರಬತ್ತಿನ ಲೋಟವಿತ್ತು. "ಕಣ್ಣಿಗೆ ಪೊರೆ ಬಂದಿದ್ಯಾ? ಸೊನ್ನೆ ಹಾಕು, ನಡಿ."

"ನಮ್ಮಲ್ಲಿ ಹುಳ ಎಲ್ಲಿಂದ ಬರುತ್ತೆ ಹೇಳಿ? ಇವಳ ತಾಯಿನೇ ತಂದು ಸುರಿದಿರ್ಬೇಕು," ಎಂದರು ಅಮ್ಮನವರು. ಇಬ್ಬರೂ ನಕ್ಕರು.

"ಆಯ್ತು ಸರ್," ಎಂದೆ. ಯಾವಾಗಲೂ ಅದನ್ನೇ ಅನ್ನುವವಳು.

ಗೇಟಿನಾಚೆ ಬಂದು ಮೊದಲು ಚಪ್ಪಲಿ ಮೆಟ್ಟಿಕೊಂಡೆ. ಆಮೇಲೆ ಕೆಂಪು ಡಬ್ಬಿಯ ಮುಚ್ಚಳ ತೆಗೆದೆ. ಬಿಳಿ ಗೋಡೆ ಅಗಲವಾಗಿತ್ತು. ಮೊಳದುದ್ದದ ಅಂಕಿಗಳಲ್ಲಿ ಹದಿನೇಳು ಬರೆದೆ. ಕೆಳಗೆ ತಾರೀಖು.

"ಏಯ್ ಬೋಳಿಮಗಳೇ, ಏನೇ ಅದು? ಒರೆಸೇ! ನಾಳೆಯಿಂದ ಕೆಲಸಕ್ಕೆ ಬರಬೇಡ!"

ಹಿಂದೆ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ನಮ್ಮೂರ ಕಡಲ ತೇವದ ಗಾಳಿಗೆ ಬಣ್ಣ ಬೇಗ ಒಣಗುವುದಿಲ್ಲ. ಬಾಗಿ, ಅಂಕಿಯ ಮೇಲೆ ಬಾಯಿಂದ ಊದತೊಡಗಿದೆ.