ಅಯ್ಯಮ್ಮನ ನಾಲಿಗೆ

ಸಂತೆಕಲ್ಲೂರಿನ ಪಕೀರಮ್ಮ ಗುಡಿಸಿದ ಅಂಗಳವನ್ನೇ ಮೂರನೆಯ ಸಲ ಗುಡಿಸುತ್ತಿದ್ದಳು. ಹೊತ್ತೇರುವುದರೊಳಗೆ ಮಸ್ಕಿಯಿಂದ ಜಂಬಣ್ಣ ಬರುವವನಿದ್ದ. ಮಾತು ಬಾರದ ಮಕ್ಕಳ ನಾಲಿಗೆಗೆ ಕಾಸಿದ ಸೂಜಿಯಿಂದ ಬರೆ ಇಡುವುದರಲ್ಲಿ ಅವನದು ಪಳಗಿದ ಕೈ ಎಂದು ಸುತ್ತಲ ಹಳ್ಳಿಗಳೆಲ್ಲ ನಂಬಿದ್ದವು. ಬರೆ ಬಿದ್ದ ಮೇಲೆ ಎಷ್ಟು ಮಕ್ಕಳು ಮಾತಾಡಿದವು ಎಂದು ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಅವನನ್ನು ಕರೆಸಿದವಳು ಅತ್ತೆ ಜೋಗಮ್ಮ. ಸುಡಬೇಕಾದ ನಾಲಿಗೆ ಪಕೀರಮ್ಮನ ಆರು ವರ್ಷದ ಮಗಳು ಅಯ್ಯಮ್ಮನದು.

ಹುಡುಗಿ ಕಿವುಡಿಯಲ್ಲ, ದಡ್ಡಿಯಂತೂ ಅಲ್ಲವೇ ಅಲ್ಲ. ಅತ್ತೆ ಎಲ್ಲೋ ಇಟ್ಟು ಮರೆತ ಎಲೆಯಡಿಕೆ ಚೀಲವನ್ನು ಹುಡುಕಿಕೊಡುವವಳು ಅವಳೇ. ಆದರೆ ನೀರು ಕೇಳಹೋದರೆ ಬಾಯಿ ತಡಕಾಡುತ್ತಿತ್ತು. ಒಮ್ಮೆ ‘ರೀ’ ಎಂದು ಬರುತ್ತಿತ್ತು, ಇನ್ನೊಮ್ಮೆ ‘ಮೂ’, ಮತ್ತೊಮ್ಮೆ ಬರೀ ಉಸಿರು. ಗುಡಿಯ ಗಂಟೆ ತೊಳೆದ ನೀರು ಕುಡಿಸಿದ್ದಾಯಿತು, ಬಜೆ ತೇಯ್ದು ನಾಲಿಗೆಗೆ ತಿಕ್ಕಿದ್ದಾಯಿತು. ಪಕೀರಮ್ಮ ಮಗಳನ್ನು ಹೊತ್ತುಕೊಂಡು ಲಿಂಗಸುಗೂರಿನ ದವಾಖಾನೆಗೂ ಹೋಗಿ ಬಂದಳು. ಡಾಕ್ಟರು ನಾಲಿಗೆ ಎತ್ತಿ ನೋಡಿ ಉರ್ದುವಿನಲ್ಲಿ ಏನೋ ಹೇಳಿದರು. ಜವಾನ ಅದನ್ನು ಕನ್ನಡದಲ್ಲಿ ಹೇಳಿದ: “ನಾಲಿಗಿ ನೆಟ್ಟಗೈತಂತ, ಹೋಗ್ರಿ.” ನೆಟ್ಟಗಿರುವ ನಾಲಿಗೆಯನ್ನು ಸುಡುವುದೇಕೆ ಎಂದು ಅಂದಿನಿಂದ ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ನಾಲ್ಕು ದಿನದ ಹಿಂದೆ ನೆರೆಮನೆಯ ಜೈನಾಬೀ ಜೊತೆ ಜೋಳ ಬೀಸುವಾಗ ಅಯ್ಯಮ್ಮನೂ ಬೀಸುವ ಕಲ್ಲಿನ ಗೂಟಕ್ಕೆ ಕೈ ಹಚ್ಚಿದ್ದಳು. ಕಲ್ಲು ಒಂದು ಸುತ್ತು ಬಂದಾಗ ‘ಜ್ವಾ’ ಎಂದಳು. ಮುಂದಿನ ಸುತ್ತಿಗೆ ‘ಳ’.

“ಕೇಳಿದ್ಯಾ ಪಕೀರವ್ವಾ? ಕಲ್ಲಿನ ಕೂಡ ಮಾತು ಬರಾಕತ್ತ್ಯಾವು. ನೀ ನಡುವ ಬಾಯಿ ಹಾಕಬ್ಯಾಡ,” ಎಂದಿದ್ದಳು ಜೈನಾಬೀ.

ಬಾಯಿ ಹಾಕದೆ ಇರುವುದು ಪಕೀರಮ್ಮನಿಂದ ಆಗದ ಕೆಲಸ. ಮಗಳು ತುಟಿ ತೆರೆಯುವಷ್ಟರಲ್ಲಿ ಪೂರ್ತಿ ಮಾತನ್ನು ತಾನೇ ಆಡಿ ಮುಗಿಸುವವಳು ಅವಳು. ಆಮೇಲಿನ ಮೂರು ದಿನ ಅವಸರ ಮಾಡಿ ಬೀಸಿಸಿದಳು, ಗದರಿಸಿದಳು. ಹುಡುಗಿ ತುಟಿ ಬಿಚ್ಚಲಿಲ್ಲ.

ಜಂಬಣ್ಣ ಬಂದು ಮಜ್ಜಿಗೆ ಕುಡಿದು ಒಲೆಯ ಕೆಂಡದಲ್ಲಿ ಸೂಜಿ ಇಟ್ಟ.

“ಅತ್ತೀ, ಒಂದು ಸಲ ಕೇಳ್ರಿ. ಬೀಸಾಕ ಕುಂತ್ರ ಆಕಿ ಮಾತಾಡ್ತಾಳ,” ಎಂದಳು ಪಕೀರಮ್ಮ.

“ಆರು ವರ್ಷ ಕೇಳೀನಿ,” ಎಂದಳು ಜೋಗಮ್ಮ. “ನಾ ಸಾಯೋದ್ರೊಳಗ ನನ್ನೊಮ್ಮಿ ಕರೀಲಿ ಅಂತ ನನಗೂ ಆಸಿ ಐತಿ.”

ಪಕೀರಮ್ಮ ಮಗಳನ್ನು ಬೀಸುವ ಕಲ್ಲಿನ ಮುಂದೆ ಎಳೆದು ಕೂರಿಸಿಕೊಂಡಳು. ಹಿಡಿ ಜೋಳ ಹಾಕಿ ಗರಗರ ತಿರುಗಿಸಿದಳು. “ಅವ್ವ ಅನ್ನಬೇ. ಲಗೂ ಅನ್ನು.” ಅಯ್ಯಮ್ಮನ ತುಟಿಗಳು ಅತ್ತಿತ್ತ ಹೊರಳಿದವು. ಏನೂ ಬರಲಿಲ್ಲ. ಜಂಬಣ್ಣ ಸೂಜಿಯ ತುದಿ ಕೆಂಪಾಯಿತೇ ಎಂದು ಬಗ್ಗಿ ನೋಡಿದ. ಪಕೀರಮ್ಮ ಇನ್ನಷ್ಟು ಜೋರಾಗಿ ತಿರುಗಿಸಿದಳು.

ಆಗ ಹುಡುಗಿ ತನ್ನ ಪುಟ್ಟ ಕೈಯನ್ನು ಅವ್ವನ ಕೈಯ ಮೇಲೆ ಒತ್ತಿ ಹಿಡಿದಳು. ಕಲ್ಲು ನಿಧಾನವಾಯಿತು. ಪಕೀರಮ್ಮ ಕೈ ಸಡಿಲ ಬಿಟ್ಟು ಹಲ್ಲು ಕಚ್ಚಿ ಸುಮ್ಮನಾದಳು. ಮಾತು ತುಟಿಯವರೆಗೆ ಬಂದಿತ್ತು, ಆದರೂ ನಡುವೆ ಬಾಯಿ ಹಾಕಲಿಲ್ಲ. ಮಗಳು ಎಳೆದಂತೆ ಕಲ್ಲು ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಅಯ್ಯಮ್ಮನ ಕಣ್ಣು ಒಲೆಯ ಕಡೆಗಿತ್ತು.

“ಬ್ಯಾ.”

ಕಲ್ಲು ಇನ್ನೊಂದು ಸುತ್ತು ಬಂತು.

“ಡ.”

ಜಂಬಣ್ಣ ಸೂಜಿಯಿಂದ ಕಣ್ಣೆತ್ತಿ, “ಇನ್ನೊಮ್ಮಿ ಹೇಳ್ಸವ್ವಾ, ನೋಡೂಣು,” ಎಂದ.

“ಒಮ್ಮಿ ಹೇಳ್ಯಾಳಲ್ಲರೀ,” ಎಂದಳು ಪಕೀರಮ್ಮ.

ಜೋಗಮ್ಮ ಎದ್ದಳು. ತಂಬಿಗೆಯ ನೀರನ್ನು ಸೂಜಿಯಿದ್ದ ಕೆಂಡದ ಮೇಲೆ ಸುರಿದಳು. ಆಮೇಲೆ ಬಂದು ಮೊಮ್ಮಗಳ ಎದುರು ಕೂತು, ಕಲ್ಲಿಗೆ ಇನ್ನೊಂದು ಹಿಡಿ ಜೋಳ ಹಾಕಿದಳು.