ಭಾವನವರ ನಡತೆ

ಇದನ್ನು ಬರೆಯಲು ನನಗೆ ಯಾವ ಅರ್ಹತೆಯೂ ಇಲ್ಲ. ಆದ್ದರಿಂದ ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ನಾನು ಡಾಕ್ಟರಲ್ಲ, ಫಿಸಿಯೋಥೆರಪಿಯವನೂ ಅಲ್ಲ. ಮೋಟಾರು ಬಿಡಿಭಾಗಗಳ ಅಂಗಡಿಯಲ್ಲಿ ಬಿಲ್ ಬರೆಯುವವನು. ಓದಿದ್ದು ಸಂಜೆ ಕಾಲೇಜಿನಲ್ಲಿ. ಅಲ್ಲಿ ಅರ್ಧ ಪಾಠ ಮೇಷ್ಟರ ಆಕಳಿಕೆಯಲ್ಲಿ ಹೋಯಿತು, ಉಳಿದರ್ಧ ನಮ್ಮ ಆಕಳಿಕೆಯಲ್ಲಿ. ಮೆದುಳು, ನರ ಮುಂತಾದವುಗಳ ಬಗ್ಗೆ ಏನಾದರೂ ತಪ್ಪು ಬರೆದಿದ್ದರೆ ತಿಳಿದವರು ತಿದ್ದಬೇಕು. ಆದರೆ ಭಾವನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದವನು ನಾನೇ. ಹಾಗಾಗಿ ಕಣ್ಣಿಗೆ ಕಂಡದ್ದನ್ನು ಹೇಳಿದರೆ ತಪ್ಪಾಗಲಾರದು ಎಂದುಕೊಂಡಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಶಾಲೆಯ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಶಾಲೆ ಬಿಟ್ಟು ಹೋಗುವ ಮಕ್ಕಳ ಸರ್ಟಿಫಿಕೇಟಿನಲ್ಲಿ ‘ನಡತೆ: ತೃಪ್ತಿಕರ’ ಎಂದು ಬರೆದು ಬರೆದೇ ಅವರ ಪೆನ್ನುಗಳು ಸವೆದಿದ್ದವು. ‘ಉತ್ತಮ’ ಎಂದು ಯಾರಿಗೂ ಬರೆದವರಲ್ಲ, ಸ್ವಂತ ಮಗನಿಗೂ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಎಡಗೈಯಿಂದ ಚೊಂಬು ಜಾರಿತು, ಅದರ ಹಿಂದೆಯೇ ಅವರೂ ಜಾರಿದರು. ಲಕ್ವ. ಮಾತು ಉಳಿಯಿತು. ಅಕ್ಕನ ಪ್ರಕಾರ ಅದು ಬೇಕಾದ್ದಕ್ಕಿಂತ ಹೆಚ್ಚೇ ಉಳಿಯಿತು. ಎಡಗಾಲು ಮಾತ್ರ ಹೆಡ್‌ಮಾಸ್ಟರ ಮಾತು ಕೇಳುವುದನ್ನು ಬಿಟ್ಟಿತು. ನಡೆಯುವಾಗ ಅದನ್ನು ಹೊರಗೆ ಅರ್ಧ ಸುತ್ತು ಬೀಸಿ ತಂದು ಇಡಬೇಕು. ಪಾದದ ತುದಿ ನೆಲ ಸವರಬೇಕು. ಮಂಡಿ ಹಿಂದಕ್ಕೆ ಲಟಕ್ಕನೆ ಬೀಳಬೇಕು. ಕುಡುಗೋಲು ಬೀಸಿದ ಹಾಗೆ ಕಾಣುತ್ತಿತ್ತು.

ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ನರರೋಗಿಗಳಿಗೆಂದೇ ಒಂದು ಉದ್ದನೆಯ ವ್ಯಾಯಾಮದ ಕೋಣೆ. ಹಿಡಿದು ನಡೆಯಲು ಎರಡು ಕಂಬಿ, ಗೋಡೆ ತುಂಬ ಕನ್ನಡಿ, ನೀಲಿ ರೆಕ್ಸಿನ್ ಹೊದಿಸಿದ ಅಗಲವಾದ ಮಂಚಗಳು. ಮೂಲೆಯಲ್ಲಿ ಹತ್ತಿದರೆ ಎಲ್ಲಿಗೂ ತಲುಪದೆ ಹಾಗೇ ಇಳಿಯಬೇಕಾದ ಮರದ ಮೆಟ್ಟಿಲು. ಅದನ್ನು ನೋಡಿದಾಗಲೆಲ್ಲ ನನಗೆ ನನ್ನ ಪ್ರಮೋಷನ್ ನೆನಪಾಗುತ್ತಿತ್ತು.

ಅಲ್ಲಿ ಭಾವನವರನ್ನು ನೋಡಿಕೊಳ್ಳುತ್ತಿದ್ದ ಹುಡುಗಿ ‘ರೆಸಿಡೆಂಟ್’. ನನಗೆ ಅರ್ಥವಾದ ಮಟ್ಟಿಗೆ, ಫಿಸಿಯೋಥೆರಪಿಯಲ್ಲಿ ಒಂದು ಪದವಿ ಮುಗಿಸಿ, ಅದರ ಮೇಲೆ ಇನ್ನೊಂದು ಮುಗಿಸಿ, ಆಮೇಲೂ ಕಲಿಯುವುದು ಬಾಕಿ ಇದೆ ಎಂದು ತಮಗೆ ಅನ್ನಿಸಿದವರು ಅಥವಾ ಬೇರೆಯವರಿಗೆ ಅನ್ನಿಸಿದವರು, ಹಿರಿಯರೊಬ್ಬರ ಕೈಕೆಳಗೆ ಒಂದು ವರ್ಷ ನರರೋಗಿಗಳನ್ನೇ ನೋಡುತ್ತ ಕಲಿಯುವ ಏರ್ಪಾಡು ಅದು. ಭಾವ ಮೊದಲ ದಿನವೇ ಆಕೆಯ ಬ್ಯಾಡ್ಜು ಓದಿದರು.

“ರೆಸಿಡೆಂಟ್ ಅಂದ್ರೆ ನಿವಾಸಿ. ನೀನು ನಿವಾಸಿ, ನಾನು ವಾಸಿ ಆಗ್ಬೇಕಾದವನು. ನಮ್ಮಿಬ್ಬರ ನಡುವೆ ಇರೋದು ಒಂದು ‘ನಿ’ ಅಷ್ಟೇ ಕಣಮ್ಮ” ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಆಕೆಯ ಹೆಸರು ನಿವಾಸಿ.

ಆಕೆಯ ಹಿರಿಯರಿಗೆ ನಾನಿಟ್ಟ ಹೆಸರು ಯಾಕೆ ಸರ್. ಕೈಕಟ್ಟಿಕೊಂಡು ಗೋಡೆಗೊರಗಿ ನಿಲ್ಲುವುದು, ನಿವಾಸಿ ಏನು ಮಾಡಿದರೂ “ಯಾಕೆ?” ಎನ್ನುವುದು, ಇದು ಅವರ ಬೋಧನಾಕ್ರಮ. ಭಾವನ ಸೊಂಟಕ್ಕೆ ಆಕೆ ಕೈ ಕೊಟ್ಟರೆ ಯಾಕೆ. ತೆಗೆದರೆ ಯಾಕೆ. ಒಂದು ಯಾಕೆಗೆ ಉತ್ತರ ಕೊಟ್ಟರೆ ಆ ಉತ್ತರ ಯಾಕೆ. ಅಷ್ಟು ಹೊತ್ತೂ ಭಾವ ಒಂದು ಕಾಲು ಎತ್ತಿಕೊಂಡು ಕೊಕ್ಕರೆಯ ಹಾಗೆ ನಿಂತಿರುತ್ತಿದ್ದರು. ಒಮ್ಮೆ ಚರ್ಚೆ ಬಹಳ ಬೆಳೆದು, ಇಳಿಸಬಹುದಾ ಎಂದು ಅವರೇ ಕೇಳಬೇಕಾಯಿತು. ಹಾಗೆ ಪ್ರಶ್ನೆ ಕೇಳಿಸಿಕೊಳ್ಳುತ್ತಲೇ ವಿದ್ಯೆ ತಲೆಗೆ ಹತ್ತುತ್ತದಂತೆ. ಇರಬಹುದು. ಯಾಕೆ ಸರ್ ಮಾತ್ರ ಇಡೀ ವರ್ಷದಲ್ಲಿ ಒಬ್ಬ ರೋಗಿಯನ್ನೂ ಮುಟ್ಟಿದ್ದನ್ನು ನಾನು ನೋಡಲಿಲ್ಲ.

ಮನೆಯವರಿಗೆ ರೋಗದ ವಿವರವನ್ನು ಇಂಗ್ಲಿಷ್ ಬಳಸದೆ ಸರಳವಾಗಿ ತಿಳಿಸಬೇಕು ಎಂಬುದೂ ಆ ತರಬೇತಿಯ ಭಾಗ. ಅದಕ್ಕೆ ಅಂಕವೂ ಉಂಟಂತೆ. ನಿವಾಸಿ ರಾತ್ರಿಯೆಲ್ಲ ಶಬ್ದ ಹುಡುಕಿಕೊಂಡು ಬಂದಿದ್ದಳು ಎಂದು ಕಾಣುತ್ತದೆ. ಅಕ್ಕನನ್ನು ಎದುರಿಗೆ ಕೂರಿಸಿಕೊಂಡು, ಯಾಕೆ ಸರ್ ಕೇಳಿಸಿಕೊಳ್ಳುವಂತೆ, ಮೆಲ್ಲಗೆ ಹೇಳಿದಳು:

“ನಿಮ್ಮ ಯಜಮಾನರ ನಡತೆ ಸರಿಯಿಲ್ಲಮ್ಮ.”

ಅಕ್ಕ ಸೆರಗು ಸರಿಮಾಡಿಕೊಂಡಳು. “ಯಾವಾಗಿಂದ?” ಎಂದಳು.

“ಕೆಲವು ತಿಂಗಳಿಂದ ಇರ್ಬೇಕು. ನಾವು ನೋಡ್ತಾ ಇದ್ರೆ ಪರವಾಗಿಲ್ಲ. ಯಾರೂ ಗಮನಿಸದೇ ಇದ್ದಾಗ ಜಾಸ್ತಿ ಕೆಡುತ್ತೆ. ಈ ವಯಸ್ಸಲ್ಲಿ ಇದೆಲ್ಲ ಸಾಮಾನ್ಯ, ನೀವು ಧೈರ್ಯಗೆಡಬಾರದು. ಹೊರಗಡೆ ಒಬ್ಬರನ್ನೇ ಬಿಡಬೇಡಿ.”

ಮನೆಗೆ ಹೋದ ಮೇಲೆ ಅಕ್ಕ ತಟ್ಟೆಯನ್ನು ಭಾವನ ಮುಂದೆ ಕುಕ್ಕಿ ಒಳಗೆ ಹೋದಳು. ಮಾತಿಲ್ಲ ಕತೆಯಿಲ್ಲ. ಇಷ್ಟು ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆಂದು ತಡವಾಗಿ ಮನೆಗೆ ಬಂದ ಒಂದೊಂದು ಸಂಜೆಯೂ ಅವಳ ಲೆಕ್ಕದಲ್ಲಿ ಹೊಸದಾಗಿ ಎದ್ದು ಕೂತಿರಬೇಕು. ಎರಡು ದಿನ ಕಳೆದ ಮೇಲೆ ನಾನು ಹೋಗಿ, ಆ ಹುಡುಗಿ ಹೇಳಿದ್ದು ನಡಿಗೆಯ ವಿಷಯ ಅಕ್ಕಾ ಎಂದು ಬಿಡಿಸಿ ಹೇಳಿದೆ. ಅಕ್ಕ ಕೇಳಿಸಿಕೊಂಡಳು. ಪೂರ್ತಿ ನಂಬಿದಳೋ ಇಲ್ಲವೋ, ಊಟ ಬಡಿಸುವ ಸದ್ದು ಮಾತ್ರ ಕಡಿಮೆಯಾಯಿತು. ಭಾವ ಮುಂದಿನ ಸಲ ನಿವಾಸಿಗೆ ನಡಿಗೆಗೂ ನಡತೆಗೂ ಇರುವ ವ್ಯತ್ಯಾಸದ ಮೇಲೆ ಇಡೀ ಪೀರಿಯಡ್ಡು ಪಾಠ ಮಾಡಿದರು. ಆಕೆ ಕಿವಿಯವರೆಗೂ ಕೆಂಪಾಗಿ ನಕ್ಕುಬಿಟ್ಟಳು. ಅಲ್ಲಿಂದ ಇಬ್ಬರಿಗೂ ಗೆಳೆತನವಾಯಿತು.

ಭಾವ ಬೇಗನೆ ಆ ಮಹಡಿಯಲ್ಲಿ ದೊಡ್ಡ ಮನುಷ್ಯರಾದರು. ಅವರ ಕುಂಟು ನಡಿಗೆ ಪುಸ್ತಕದಲ್ಲಿ ಬರೆದಂತೆಯೇ ಇದೆ ಎಂದು ಬೇರೆ ಬೇರೆ ತರಗತಿಯ ವಿದ್ಯಾರ್ಥಿಗಳು ಬಂದು ನೋಡಿ ಹೋಗುತ್ತಿದ್ದರು. ಯಾಕೆ ಸರ್ ಒಂದು ದಿನ ಅವರ ನಡಿಗೆಗೆ ‘ಕ್ಲಾಸಿಕ್’ ಎಂದರು. ಇಡೀ ವೃತ್ತಿಜೀವನದಲ್ಲಿ ಮೇಲಧಿಕಾರಿಯೊಬ್ಬರ ಬಾಯಲ್ಲಿ ಆ ಮಾತು ಕೇಳದ ಭಾವ ಅದನ್ನು ಹಾಲಿನವನಿಗೂ ಹೇಳಿದರು.

ವರ್ಷದ ಕೊನೆಗೆ ನಿವಾಸಿಗೆ ಪರೀಕ್ಷೆ. ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಆಕೆ ಒಬ್ಬ ರೋಗಿಯನ್ನು ಅವರ ಮುಂದೆ ನಡೆಸಿ, ಎಲ್ಲೆಲ್ಲಿ ತಪ್ಪುತ್ತಿದೆ ಎಂದು ತೋರಿಸಿ, ಅದಕ್ಕೇನು ಮಾಡಬೇಕು ಎಂದು ಹೇಳಬೇಕು. ರೋಗಿ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಕ್ಲಾಸಿಕ್ ಕೈಯಲ್ಲೇ ಇರುವಾಗ ಬೇರೆಯವರನ್ನು ಯಾಕೆ ಹುಡುಕುತ್ತಾರೆ?

ತೊಂದರೆ ಇಷ್ಟೇ. ಭಾವ ಸುಧಾರಿಸುತ್ತಿದ್ದರು. ನಿವಾಸಿ ಮೈಮುರಿದು ಕೆಲಸ ಮಾಡುವವಳು. ಆಕೆಯ ಕೈಯಲ್ಲಿ ಭಾವನ ಮಂಡಿ ಸ್ವಲ್ಪ ಸ್ವಲ್ಪವೇ ಹದಕ್ಕೆ ಬರತೊಡಗಿತ್ತು. ಆಕೆಗೆ ಸಂತೋಷ, ಅಕ್ಕನಿಗೆ ಇನ್ನೂ ಸಂತೋಷ. ಯಾಕೆ ಸರ್ ಮುಖ ಮಾತ್ರ ದಿನದಿನಕ್ಕೆ ಗಂಟಿಕ್ಕತೊಡಗಿತು. ರೋಗಿಯ ವಿವರ ಪರೀಕ್ಷಕರಿಗೆ ಆಗಲೇ ಹೋಗಿತ್ತು. ಈ ಮನುಷ್ಯ ಹೀಗೇ ಹುಷಾರಾಗುತ್ತ ಹೋದರೆ ಪರೀಕ್ಷೆಯ ದಿನ ತೋರಿಸಲು ಏನು ಉಳಿಯುತ್ತದೆ? ಎರಡು ವಾರ ಇರುವಾಗ ಆಕೆಯನ್ನು ಕರೆದು, ವ್ಯಾಯಾಮ ನಿಲ್ಲಿಸಿ, ಸುಮ್ಮನೆ ಕೈಕಾಲು ನೀವಿ ಕಳಿಸಿ ಎಂದರು.

“ಪರೀಕ್ಷೆ ಮುಗಿಯೋವರೆಗೂ ಇವರನ್ನ ಹೀಗೇ ಕಾಪಾಡ್ಕೋಬೇಕು. ಆಮೇಲೆ ಬೇಕಾದಷ್ಟು ವಾಸಿ ಮಾಡು.”

“ಯಾಕೆ ಸರ್?” ಎಂದಳು ನಿವಾಸಿ.

ವರ್ಷವಿಡೀ ತಾವು ಕಲಿಸಿದ ಪ್ರಶ್ನೆಯನ್ನು ವಿದ್ಯಾರ್ಥಿನಿ ಅಷ್ಟು ಚೆನ್ನಾಗಿ ಕಲಿತದ್ದನ್ನು ನೋಡಿ ಅವರು ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಈ ಪರೀಕ್ಷೆಯಲ್ಲಿ ನಪಾಸಾದರೆ ಇನ್ನೊಂದು ವರ್ಷ ಇಲ್ಲೇ ಇರಬೇಕಾಗುತ್ತದೆ ಎಂದು ನೆನಪಿಸಿ ಹೊರಟುಹೋದರು.

ಆಕೆ ಭಾವನ ಕಾಲು ನೀವುತ್ತ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದಳು: “ಇನ್ನೊಂದು ವರ್ಷ ನನ್ನ ಕೈಲಾಗಲ್ಲ ಅಂಕಲ್. ಕನಸಲ್ಲೂ ಯಾಕೆ ಅಂತಾರೆ. ಫೇಲಾದ್ರೆ ಇದನ್ನೇ ಬಿಟ್ಟು ಹೋಗ್ತೀನಿ.”

ಮನೆಯಲ್ಲಿ ಈ ಸುದ್ದಿ ಕೇಳಿ ಅಕ್ಕ ಉರಿದುಬಿದ್ದಳು. ನಡೆಸಿ ಎಂದು ಗಂಡನನ್ನು ಕಳಿಸಿಕೊಟ್ಟರೆ ಕುಂಟಿಸಿಡುತ್ತಾರಂತಲ್ಲ, ಇದೇನು ಪ್ರದರ್ಶನದ ವಸ್ತುವೇ ಎಂದಳು. ಆಮೇಲೆ ಹುಡುಗಿಯ ಮುಖ ನೆನಪಾಗಿ ಅವಳೇ ತಣ್ಣಗಾದಳು. ಹಾಳಾಗಿ ಹೋಗಲಿ, ಎರಡು ವಾರ ತಾನೇ, ಆ ಮಗು ಪಾಸಾಗಲಿ ಎಂದು ಭಾವನಿಗೆ ಅವಳೇ ಬುದ್ಧಿ ಹೇಳಿದಳು. ಏನೂ ವಿಶೇಷ ಮಾಡಬೇಡಿ, ದಿನಾ ಹೇಗೆ ಕುಂಟುತ್ತೀರೋ ಹಾಗೇ ಕುಂಟಿ ಬನ್ನಿ ಎಂದಳು. ನಾನೂ ಹೇಳಿದೆ. ನಿವಾಸಿಯಂತೂ ಕೈಮುಗಿದು ಹೇಳಿದಳು. ಭಾವ ಎಲ್ಲರಿಗೂ ತಲೆಯಾಡಿಸಿದರು.

ನಮಗೆ ಯಾರಿಗೂ ಹೊಳೆಯದೇ ಹೋದದ್ದೆಂದರೆ, ಆ ತಲೆ ಹೆಡ್‌ಮಾಸ್ಟರದು ಎಂಬ ಸಂಗತಿ. ಹೊರಗಿನಿಂದ ಪರೀಕ್ಷಕರು ಬರುತ್ತಾರೆ ಎಂದರೆ ಆ ತಲೆಗೆ ಅರ್ಥವಾಗುವುದು ಒಂದೇ: ಇನ್‌ಸ್ಪೆಕ್ಟರು ಬರುತ್ತಾರೆ. ಇನ್‌ಸ್ಪೆಕ್ಟರು ಬರುವ ದಿನ ಅವರ ಶಾಲೆಯಲ್ಲಿ ತೊದಲುವ ಮಕ್ಕಳು ಹಿಂದಿನ ಬೆಂಚಿಗೆ ಹೋಗುತ್ತಿದ್ದರು, ಗಟಗಟ ಓದುವವರು ಮುಂದೆ ಬರುತ್ತಿದ್ದರು, ಕಾಲು ಮುರಿದ ಮೇಜು ಉಗ್ರಾಣ ಸೇರುತ್ತಿತ್ತು. ಆ ವಾರವೆಲ್ಲ ಮಧ್ಯಾಹ್ನ ಅವರು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗಿಂದ ದಡ್ ದಡ್ ಎಂದು ಸದ್ದು. ಅಕ್ಕ ಪೆಟ್ಟಿಗೆ ಸರಿಸುತ್ತಿದ್ದಾರೆ ಎಂದುಕೊಂಡಳು.

ಪರೀಕ್ಷೆಯ ದಿನ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ಕೇಳಿದರು. ಪಾಲಿಶ್ ಹಾಕಿದ ಬೂಟು ಕೇಳಿದರು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು.

ಕೋಣೆಯಲ್ಲಿ ಮೇಜು ಹಾಕಿ ಇಬ್ಬರು ಪರೀಕ್ಷಕರನ್ನು ಕೂರಿಸಿದ್ದರು. ಒಬ್ಬರು ತೆಳ್ಳಗಿನ ಹೆಂಗಸು, ಇನ್ನೊಬ್ಬರು ಬಿಸ್ಕತ್ತಿನ ಕಡೆಗೇ ಕಣ್ಣಿದ್ದ ಗಂಡಸು. ಯಾಕೆ ಸರ್ ಎಂದಿನಂತೆ ಗೋಡೆಗೊರಗಿದ್ದರು, ಈ ಸಲ ಟೈ ಕಟ್ಟಿಕೊಂಡು. ನಿವಾಸಿ ಬಿಳಿಚಿಕೊಂಡಿದ್ದಳು. ಭಾವನಿಗೆ ಸನ್ನೆ ಮಾಡಿ, ಬಾಯಿಪಾಠ ಮಾಡಿದ್ದನ್ನು ಶುರುಮಾಡಿದಳು. ಎಡಗಾಲು ಹೊರಕ್ಕೆ ಬೀಸುವುದನ್ನು ಗಮನಿಸಬೇಕು, ಪಾದ ನೆಲಕ್ಕೆ ಉಜ್ಜುವುದನ್ನು ಗಮನಿಸಬೇಕು, ಮಂಡಿ ಹಿಂದಕ್ಕೆ ಬೀಳುವುದನ್ನು ಗಮನಿಸಬೇಕು ಎಂದು ಆಕೆ ಹೇಳುತ್ತಲೇ ಇದ್ದಳು. ಭಾವ ಎದೆಯೆತ್ತಿ, ಗದ್ದ ನೆಟ್ಟಗಿಟ್ಟು, ಊರಿಕೊಂಡು ನಡೆಯುವ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಪಥಸಂಚಲನಕ್ಕೆ ಬಂದವರ ಹಾಗೆ ಕೋಣೆಯ ಆ ತುದಿಗೆ ನಡೆದು, ತಿರುಗಿ, ಈ ತುದಿಗೆ ಬಂದು ನಿಂತರು. ಹಣೆಯಲ್ಲಿ ಬೆವರಿತ್ತು. ಕಾಲು ಮಾತ್ರ ಬೀಸಲಿಲ್ಲ, ಉಜ್ಜಲಿಲ್ಲ, ಬೀಳಲಿಲ್ಲ.

ನಿವಾಸಿಯ ಮಾತು ಅರ್ಧಕ್ಕೇ ನಿಂತಿತು. ನೀವು ಹೇಳಿದ ತಪ್ಪುಗಳು ಎಲ್ಲಿವೆ ಎಂದು ತೆಳ್ಳಗಿನ ಹೆಂಗಸು ಕೇಳಿದರು. ಗೋಡೆಯ ಕಡೆಯಿಂದ ಯಾಕೆ ಸರ್ ಕಣ್ಣಿನಲ್ಲೇ ಏನೇನೋ ಹೇಳತೊಡಗಿದರು. ಅದೆಲ್ಲ ನಮ್ಮ ಚಿಕಿತ್ಸೆಯ ಫಲ ಎಂದು ಹೇಳು ಎಂಬುದು ನನಗೇ ತಿಳಿಯುವಷ್ಟು ಸ್ಪಷ್ಟವಾಗಿತ್ತು. ಈಚೆಗೆ ಯಾವ ಚಿಕಿತ್ಸೆ ಕೊಟ್ಟಿರಿ ಎಂಬುದು ಮುಂದಿನ ಪ್ರಶ್ನೆ.

“ಏನೂ ಕೊಟ್ಟಿಲ್ಲ ಮೇಡಂ. ನಿಲ್ಲಿಸಿದ್ವಿ.”

“ಯಾಕೆ?”

ನಿವಾಸಿ ನಿಧಾನವಾಗಿ ಗೋಡೆಯ ಕಡೆ ತಿರುಗಿದಳು. “ಯಾಕೆ ಸರ್?” ಎಂದಳು.

ಯಾಕೆ ಸರ್ ಟೈ ಸಡಿಲ ಮಾಡಿಕೊಂಡರು. ಆಮೇಲೆ ಉತ್ತರ ಕೊಡತೊಡಗಿದರು. ಉತ್ತರ ಬಹಳ ಉದ್ದವಿತ್ತು. ಅದರಲ್ಲಿ ಮೆದುಳಿಗೂ ವಿಶ್ರಾಂತಿ ಬೇಕು ಎಂಬ ಒಂದು ಮಾತು ಮಾತ್ರ ನನಗೆ ಅರ್ಥವಾಯಿತು. ಬಿಸ್ಕತ್ತಿನ ಪರೀಕ್ಷಕರು ಅದನ್ನು ಬರೆದುಕೊಂಡರು.

ಫಲಿತಾಂಶ ಮಧ್ಯಾಹ್ನವೇ ಬಂತು. ನಿವಾಸಿ ನಪಾಸು, ರೋಗಿಯ ಸ್ಥಿತಿಯನ್ನು ತಪ್ಪಾಗಿ ಗುರುತಿಸಿದ್ದಾಳೆ ಎಂದು. ಯಾಕೆ ಸರ್ ಆಮೇಲೆ ಯಾವುದೋ ಸಮ್ಮೇಳನದಲ್ಲಿ ವಿಶ್ರಾಂತಿಯ ಮಹತ್ವದ ಮೇಲೆ ಭಾಷಣ ಮಾಡಿದರಂತೆ. ಪರೀಕ್ಷೆಯ ದಿನ ತೆಗೆದ ಭಾವನ ನಡಿಗೆಯ ವಿಡಿಯೋ ತೋರಿಸಿ ಚಪ್ಪಾಳೆ ಗಿಟ್ಟಿಸಿದರಂತೆ.

ಅಂದು ಬೆಂಚಿನ ಮೇಲೆ ಕೂತಿದ್ದ ನಿವಾಸಿಯ ಹತ್ತಿರ ಹೋಗಿ ಭಾವ ಕೇಳಿದರು: “ಹೇಗಿತ್ತಮ್ಮ? ನಿನ್ನ ಮರ್ಯಾದೆ ಉಳಿಸಿದ್ನಾ?”

“ತುಂಬಾ ಚೆನ್ನಾಗಿ ನಡೆದ್ರಿ ಸರ್” ಎಂದಳು. ಬಗ್ಗಿ ಅವರ ಬಿಚ್ಚಿದ್ದ ಬೂಟಿನ ದಾರ ಕಟ್ಟಿದಳು. ಬ್ಯಾಡ್ಜು ಕಳಚಿ ಕಿಟಕಿಯ ಹತ್ತಿರ ಇಟ್ಟು ಮೆಟ್ಟಿಲಿಳಿದು ಹೋದಳು. ಎಲ್ಲಿಗೋ ತಲುಪುವ ಮೆಟ್ಟಿಲು. ಮತ್ತೆ ಬರಲಿಲ್ಲ.

ಸಂಜೆ ನಾನು ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದೆ. ಹುಡುಗಿ ನಪಾಸಾದದ್ದಕ್ಕೆ ಅವಳ ಕಣ್ಣು ತುಂಬಿತು. ಆಮೇಲೆ ಗಂಡನ ಕಡೆ ತಿರುಗಿ, ಹಾಗಾದರೆ ನನ್ನ ಮುಂದೆಯೂ ಒಂದು ಸಲ ನೆಟ್ಟಗೆ ನಡೆಯಿರಿ ನೋಡೋಣ ಎಂದಳು. ಭಾವ ಎದ್ದರು. ಎಡಗಾಲು ಹೊರಗೆ ಅರ್ಧ ಸುತ್ತು ಬೀಸಿತು, ಪಾದ ನೆಲ ಸವರಿತು, ಮಂಡಿ ಲಟಕ್ಕೆಂದಿತು. ಬಚ್ಚಲಿನವರೆಗೆ ಹಾಗೇ ಹೋಗಿ, ಹಾಗೇ ಬಂದು ಕೂತರು.

“ಇನ್‌ಸ್ಪೆಕ್ಟರ್ ಹೋದ್ಮೇಲೆ ಶಾಲೆ ಇದ್ದ ಹಾಗೇ ಕಣೇ” ಎಂದರು.

ಅಕ್ಕ ನನ್ನ ಕಡೆ ತಿರುಗಿ ಹೇಳಿದಳು: “ನೋಡೋ, ಆ ಹುಡುಗಿ ಮೊದಲು ಹೇಳಿದ್ದೇ ಸರಿ. ಇವರದ್ದು ನಡಿಗೆ ಅಲ್ಲ, ನಡತೇನೇ ಸರಿಯಿಲ್ಲ.”

ಈಗ ಹೊಸ ನಿವಾಸಿ ಬಂದಿದ್ದಾನೆ. ಭಾವ ಮತ್ತೆ ಕ್ಲಾಸಿಕ್ ಆಗಿದ್ದಾರೆ. ಪೂರ್ತಿ ಮನಸ್ಸಿಟ್ಟರೆ ಕೆಲವರು ಸ್ವಲ್ಪ ಹೊತ್ತು ನೆಟ್ಟಗೆ ನಡೆಯಬಲ್ಲರು, ಮನಸ್ಸು ಬೇರೆ ಕಡೆ ಹೋದರೆ ಕಾಲು ಹಳೆಯದಕ್ಕೇ ಹೋಗುತ್ತದೆ, ಅದು ನಾಟಕವಲ್ಲ ಎಂದು ಆತ ವಿವರಿಸಿದ. ಅಕ್ಕ ಒಪ್ಪುವುದಿಲ್ಲ. ಇವರಿಗೆ ನೋಡುವವರು ಬೇಕು, ಅಷ್ಟೇ ಎನ್ನುತ್ತಾಳೆ. ಭಾವನ ಆ ಎರಡು ನಡಿಗೆಗಳಲ್ಲಿ ಅವರ ಸ್ವಂತದ್ದು ಯಾವುದು, ತಾವು ಮಾಡಿದ್ದರಿಂದ ಆ ಹುಡುಗಿಗೆ ಏನಾಯಿತು ಎಂಬುದು ಅವರಿಗೆ ಗೊತ್ತಿದೆಯೇ, ನನಗೆ ತಿಳಿಯದು. ಕೇಳಲು ಧೈರ್ಯ ಬಂದಿಲ್ಲ. ಆಕೆ ಈಗ ಎಲ್ಲಿದ್ದಾಳೆ, ಯಾರ ಕಾಲನ್ನಾದರೂ ಹಿಡಿದು ನಡೆಸುತ್ತಿದ್ದಾಳೆಯೇ ಎಂಬುದೂ ಗೊತ್ತಿಲ್ಲ.