ಮೂರನೆಯ ಆರೋಪಿ

ಫ್ಯಾನು ತಿರುಗಿದಂತೆಲ್ಲ ಸಾಹೇಬರ ಮುಂದಿನ ಕಾಗದದ ಮೂಲೆ ಏಳುತ್ತದೆ, ಬೀಳುತ್ತದೆ, ಅವರು ಇಂಗ್ಲಿಷಿನಲ್ಲಿ ಓದುತ್ತಾರೆ, ಗುಮಾಸ್ತ ಕನ್ನಡದಲ್ಲಿ ಹೇಳುತ್ತಾನೆ, ಕಳ್ಳಭಟ್ಟಿ ಕಾಯಿಸಿದ ಒಂದನೆಯ ಆರೋಪಿ ಲಕ್ಕಣ್ಣನಿಗೆ ಎರಡು ವರ್ಷ, ಅದನ್ನು ಪೇಟೆಯಲ್ಲಿ ಹಂಚಿದ ಎರಡನೆಯ ಆರೋಪಿ ಪಿಳ್ಳಣ್ಣನಿಗೆ ಒಂದೂವರೆ — ಪಿಳ್ಳಣ್ಣ ಭಾವ ತಲೆ ಎತ್ತಲಿಲ್ಲ — ಇನ್ನು ಅಕ್ಕ, ಅವಳ ಸರದಿ ಬರುವುದರೊಳಗೆ ಎದ್ದು ಹೇಳಬೇಕು, ಸಾರಾಯಿ ಹೊತ್ತವಳು ನಾನು ಸ್ವಾಮಿ, ಅಕ್ಕ ಅಲ್ಲ, ಇಷ್ಟೇ ಮಾತು, ಬೆಳಿಗ್ಗೆ ನಮ್ಮೂರು ಕೋಗಿಲಿನಿಂದ ಬರುವಾಗ ದಾರಿಯುದ್ದಕ್ಕೂ ಹೇಳಿಕೊಂಡೆ, ಹೆಬ್ಬಾಳದ ಕೆರೆ ಏರಿಯ ಮೇಲೂ ಸರಿಯಾಗಿಯೇ ಬಂತು, ಈಗ ನಾಲಿಗೆ ಅಂಗುಳಕ್ಕೆ ಅಂಟಿದೆ, ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟರು ಎಬ್ಬಿಸಿ ನಿಲ್ಲಿಸಿದಾಗಲೂ ಹೀಗೇ, ಅವತ್ತಿಗೇ ಶಾಲೆ ಬಿಟ್ಟದ್ದು, ಆ ನಾಚಿಕೆಯೇ ಭಾವನಿಗೆ ಒದಗಿತು, ಲಾರಿ ಟ್ಯೂಬಿಗೆ ಸಾರಾಯಿ ತುಂಬಿ ನನ್ನ ಹೊಟ್ಟೆಗೆ ಕಟ್ಟಿ, ಮೇಲೆ ಸೀರೆ, ಕೊರಳಿಗೆ ಅಕ್ಕನ ಹಳೆಯ ಕರಿಮಣಿ, ಯಶವಂತಪುರದ ಬಸ್ಸಿನಲ್ಲಿ ಹೆಂಗಸರು ಸರಿದು ಜಾಗ ಕೊಡುತ್ತಿದ್ದರು, ಎಷ್ಟು ತಿಂಗಳವ್ವಾ, ನಾನು ತಲೆ ತಗ್ಗಿಸಿದರೆ ಚೊಚ್ಚಲು, ಪಾಪ, ನಾಚ್ಕೋತಾಳೆ, ಮನೆಗೆ ಬಂದರೆ ಭಾವನ ನಗು, ವಾರಕ್ಕೊಂದು ಬಸ್ರು, ಒಂದ್ ಕೂಸೂ ಕಾಣೆ, ಏನಮ್ಮಿ ನೀನು. ಪೊಲೀಸರು ಗುಡಿಸಲಿಗೆ ನುಗ್ಗಿದ ದಿನ ಟ್ಯೂಬು ನೆಲದ ಮೇಲಿತ್ತು, ಅಕ್ಕನೂ ನಾನೂ ಗೋಡೆಗೆ ಒರಗಿ ನಿಂತಿದ್ದೆವು, ಇದನ್ನ ಹೊರೋಳ್ ಯಾರು, ನಾನೇ ಅಂದಳು ಅಕ್ಕ, ನನ್ನ ಕಡೆ ತಿರುಗಲೂ ಇಲ್ಲ, ಆಮೇಲೆ ಪೇದೆಯ ಲಾಠಿ — ಬೇಡ, ಅದು ಬೇಡ — ಜೀಪು ಹತ್ತುವಾಗ ನನ್ನ ಕಿವಿಯಲ್ಲಿ, ನಿಂಗಿನ್ನೂ ಮದ್ವೆ ಆಗ್ಬೇಕು ಕಣೆ, ಸುಮ್ಕಿರು, ಸುಮ್ಮನಿದ್ದೆ, ಸುಮ್ಮನಿರುವುದೊಂದು ನನಗೆ ಚೆನ್ನಾಗಿ ಬರುತ್ತದೆ, ಮೂರನೆಯ ಆರೋಪಿ ಕೃಷ್ಣಮ್ಮ, ಸಾರಾಯಿ ಸಾಗಿಸಿದ್ದನ್ನು ತಾನೇ ಒಪ್ಪಿಕೊಂಡಿದ್ದಾಳೆ, ಏನಾದರೂ ಹೇಳುವುದಿದೆಯೇ, ಅಕ್ಕ ಕಟಕಟೆಯ ಅಂಚು ಹಿಡಿದು ಇಲ್ಲವೆಂದು ತಲೆಯಾಡಿಸುತ್ತಾಳೆ, ನಾನು ಎದ್ದಿದ್ದೇನೆ, ಎದ್ದೇ ಇದ್ದೇನೆ, ಎಲ್ಲರೂ ತಿರುಗಿ ನೋಡುತ್ತಾರೆ, ಬಾಯಿ ತೆರೆದಿದೆ, ಕೂತ್ಕೊಳ್ಳಮ್ಮಾ ಎಂದು ಜವಾನ ಕೈಯಾಡಿಸಿದ, ಕೂತೆ. ಆರು ತಿಂಗಳು. ಅವಳಿಗೆ ಈಗಲೇ ಏಳು ತುಂಬಿದೆ, ಕೂಸು ಜೈಲಿನಲ್ಲೇ ಕಣ್ಣು ಬಿಡುತ್ತದೆ, ಅವತ್ತು ಪೇದೆ ನಂಬಲಿಲ್ಲ, ಇದೂ ಟ್ಯೂಬೇ ಇರ್ಬೇಕು ಎಂದು ಲಾಠಿಯ ತುದಿಯಿಂದ ಅಕ್ಕನ ಹೊಟ್ಟೆಯನ್ನು ಒತ್ತಿ ನೋಡಿದ, ಒಳಗಿನಿಂದ ಅದು ಒದೆಯಿತು, ಸೀರೆ ಅಲುಗಿತು, ಅವನು ಕೈ ಹಿಂದಕ್ಕೆಳೆದುಕೊಂಡ — ಲಾಠಿಯ ತುದಿ, ಸೀರೆ, ಒಳಗಿನಿಂದ ಒಂದು ಒದೆತ, ಲಾಠಿಯ ತುದಿ, ಸೀರೆ, ಒಳಗಿನಿಂದ